ಅನುಮಾನಕ್ಕೆ ಎಡೆಯಿಲ್ಲದ ಒಡಲು: ಜೆಎಇ .21 ನೈಟ್ರೊ ಹೈಡ್ರೋಪ್ಲೇನ್ ಕಿಟ್‌ನ ವಿಮರ್ಶೆ

ರೇಡಿಯೊ ನಿಯಂತ್ರಿತ ರೇಸ್ ದೋಣಿಗಳಲ್ಲಿ, ನೀರನ್ನು ಸೀಳದೆ ಅದರ ಮೇಲ್ಮೈಯಲ್ಲಿ ಜಾರುತ್ತ ಓಡುವ ಹೈಡ್ರೋಪ್ಲೇನ್‌ನಷ್ಟು ವೇಗದ ವರ್ಗ ಇನ್ನೊಂದಿಲ್ಲ, ಅದರಷ್ಟು ಹಟ ಮಾಡುವ ವರ್ಗವೂ ಇನ್ನೊಂದಿಲ್ಲ. ಅದರಲ್ಲಿಯೂ ಮೆಥನಾಲ್‌ಗೆ ನೈಟ್ರೊಮೀಥೇನ್ ಬೆರೆಸಿದ ನೈಟ್ರೊ ಇಂಧನದ ಎಂಜಿನ್ ಕೂರಿಸಿದ, ಬದಿಗಳಿಗೆ ತೋಳು ಚಾಚಿದ ಔಟ್‌ರಿಗರ್ ದೋಣಿ ಸರಿಯಾಗಿ ಓಡದಿದ್ದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಎಂಜಿನ್ ಹದ ತಪ್ಪಿರಬಹುದು, ಪ್ರೊಪೆಲ್ಲರ್ ಹೊಂದದಿರಬಹುದು, ಹಿಂದೆ ಪ್ರೊಪೆಲ್ಲರಿನ ಶಾಫ್ಟನ್ನು ಹಿಡಿದಿರುವ ಸ್ಟ್ರಟ್ ಎಂಬ ಲೋಹದ ಭಾಗದ ಎತ್ತರ ಕೂದಲೆಳೆಯಷ್ಟು ವ್ಯತ್ಯಾಸವಾಗಿರಬಹುದು, ಇಲ್ಲವೇ ದೋಣಿಯ ಒಡಲೇ ಸೊಟ್ಟಗಿರಬಹುದು. ಜಿಪ್‌ಕಿಟ್ಸ್ ಸಂಸ್ಥೆಯ ಜೆಎಇ .21 ಕಿಟ್ ಕುರಿತು ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಸೂಚನೆಯಂತೆ ತಾಳ್ಮೆಯಿಂದ ಕಟ್ಟಿದರೆ, ಈ ಪಟ್ಟಿಯ ಕೊನೆಯ ಅನುಮಾನವನ್ನು ಅದು ಪೂರ್ತಿಯಾಗಿ ಅಳಿಸಿಹಾಕುತ್ತದೆ. ಒಡಲು ನೆಟ್ಟಗಿದೆ ಎಂಬ ಭರವಸೆ ಇದ್ದರೆ ಉಳಿದದ್ದನ್ನು ಒಂದೊಂದಾಗಿ ತಿದ್ದಿಕೊಳ್ಳಬಹುದು. ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಕಿಟ್ ಕೂಡ ಮಾಡಲಾರದು.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಬಳಿ. ಸಾಫ್ಟ್‌ವೇರ್ ಮತ್ತು ವಿಮಾನ ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರು ಇಲ್ಲಿ ಸಾಕಷ್ಟಿದ್ದಾರೆ. ಆದರೆ ಈ ಊರು ಹೈಡ್ರೋಪ್ಲೇನ್‌ಗಳ ತವರು ಎಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರುವುದಿಲ್ಲ. 1950ರ ಜೂನ್ 26ರಂದು ಇಲ್ಲಿನ ಲೇಕ್ ವಾಷಿಂಗ್ಟನ್ ಸರೋವರದಲ್ಲಿ ಸ್ಟಾನ್ಲಿ ಸೇಯರ್ಸ್ ಅವರ ಸ್ಲೊ-ಮೊ-ಷನ್ 4 ಎಂಬ ದೋಣಿ ಗಂಟೆಗೆ 160.32 ಮೈಲಿ, ಅಂದರೆ ಸುಮಾರು 258 ಕಿಲೋಮೀಟರ್ ವೇಗದ ವಿಶ್ವ ದಾಖಲೆ ಮಾಡಿತು. ಅದಕ್ಕೆ ಮೊದಲಿನ ದಾಖಲೆ ಮಾಲ್ಕಮ್ ಕ್ಯಾಂಪ್‌ಬೆಲ್ 1939ರಲ್ಲಿ ಮಾಡಿದ್ದ 141.74 ಮೈಲಿ. ಒಂದೇ ಏಟಿಗೆ ಇಷ್ಟು ಅಂತರ ಸಾಧ್ಯವಾದದ್ದು ಟೆಡ್ ಜೋನ್ಸ್ ರೂಪಿಸಿ ಆಂಕರ್ ಜೆನ್ಸನ್ ಕಟ್ಟಿದ ಆ ಒಡಲಿನ ವಿನ್ಯಾಸದಿಂದ. ಪೂರ್ಣ ವೇಗದಲ್ಲಿ ಅದು ನೀರನ್ನು ಮೂರೇ ಕಡೆ ಮುಟ್ಟುತ್ತಿತ್ತು: ಮುಂದೆ ಎರಡೂ ಬದಿಗಿರುವ ಸ್ಪಾನ್ಸನ್ ಎಂಬ ತೇಲುಭಾಗಗಳ ತುದಿ ಮತ್ತು ಹಿಂದೆ ಅರ್ಧ ಮುಳುಗಿ ಅರ್ಧ ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರ್. ಆ ದೋಣಿ ಈಗ ಸಿಯಾಟಲ್‌ನ ಇತಿಹಾಸ ಮತ್ತು ಉದ್ಯಮ ವಸ್ತುಸಂಗ್ರಹಾಲಯದಲ್ಲಿದೆ. ಪಕ್ಕದ ಕೆಂಟ್ ಪಟ್ಟಣದಲ್ಲಿ ಹೈಡ್ರೋಪ್ಲೇನ್‌ಗಳಿಗೆಂದೇ ಮೀಸಲಾದ ಇನ್ನೊಂದು ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಸ್ಥಳ ಅದು.

ಈ ಮೂರು ಬಿಂದುಗಳ ತತ್ವವನ್ನು ಇನ್ನೂ ಬೆತ್ತಲಾಗಿಸಿದ ರೂಪವೇ ಔಟ್‌ರಿಗರ್. ಇದರಲ್ಲಿ ಎಂಜಿನ್, ಇಂಧನದ ಟ್ಯಾಂಕ್ ಮತ್ತು ರೇಡಿಯೊ ಪೆಟ್ಟಿಗೆಗಳನ್ನು ಹೊತ್ತ ಕಿರಿದಾದ ನಡುಭಾಗವನ್ನು ಟಬ್ ಎನ್ನುತ್ತಾರೆ. ಸ್ಪಾನ್ಸನ್‌ಗಳು ಈ ಟಬ್ಬಿಗೆ ಅಂಟಿಕೊಂಡಿರುವುದಿಲ್ಲ. ಬೂಮ್ ಎಂಬ ಅಡ್ಡ ಕೊಳವೆಗಳ ತುದಿಯಲ್ಲಿ ದೂರಕ್ಕೆ ಚಾಚಿಕೊಂಡಿರುತ್ತವೆ. ನಡುವೆ ಗಾಳಿ ಹಾದುಹೋಗಲು ತೆರವಿರುವುದರಿಂದ ದೋಣಿಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಅದನ್ನು ಮಗುಚುವ ಸಂಭವ ಕಡಿಮೆ, ತೂಕವೂ ಕಡಿಮೆ. ಜೆಎಇ .21 ಅಂಥ ಒಂದು ಔಟ್‌ರಿಗರ್. ಹೆಸರಿನ .21 ಎಂಬುದು ಎಂಜಿನ್ನಿನ ಗಾತ್ರವನ್ನು ಘನ ಅಂಗುಲದಲ್ಲಿ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 3.5 ಸಿಸಿ. ಇಲ್ಲಿನ ಎರಡು ಪ್ರಮುಖ ಸಂಸ್ಥೆಗಳಾದ ನಾರ್ತ್ ಅಮೆರಿಕನ್ ಮಾಡೆಲ್ ಬೋಟ್ ಅಸೋಸಿಯೇಷನ್ ಮತ್ತು ಇಂಟರ್‌ನ್ಯಾಷನಲ್ ಮಾಡೆಲ್ ಪವರ್ ಬೋಟ್ ಅಸೋಸಿಯೇಷನ್‌ಗಳ ಸ್ಪರ್ಧೆಗಳಲ್ಲಿ ಈ ಗಾತ್ರಕ್ಕೆ ತನ್ನದೇ ದರ್ಜೆಯಿದೆ. ಸಿಯಾಟಲ್ ಭಾಗದವರಿಗೆ ಹೆಚ್ಚು ಪ್ರಿಯವಾದದ್ದು ನಿಜವಾದ ದೋಣಿಗಳ ಎಂಟನೆಯ ಒಂದಂಶ ಅಳತೆಯ ಮಾದರಿಗಳು. ಅವು ನೋಡಲು ಬಹು ಸೊಗಸು, ಆದರೆ ಅವುಗಳಿಗೆ .67, ಅಂದರೆ 11 ಸಿಸಿಯ ದೊಡ್ಡ ಎಂಜಿನ್ ಬೇಕು, ಖರ್ಚು ಹೆಚ್ಚು, ಜಾಗ ಹೆಚ್ಚು. ಕಲಿಯುವವರು .21ರಿಂದ ಆರಂಭಿಸುವುದೇ ಲೇಸು.

ಇನ್ನು ಕಿಟ್‌ನ ವಿಷಯ. ಪೆಟ್ಟಿಗೆಯಲ್ಲಿ ಬರುವುದು ಲೇಸರ್‌ನಿಂದ ಕತ್ತರಿಸಿದ ಪ್ಲೈವುಡ್ ಹಲಗೆಗಳು. ಹಲಗೆಯಿಂದ ಬಿಡಿಸಿದ ಬಿಡಿಭಾಗವನ್ನು ಕೈಯಲ್ಲಿ ಹಿಡಿದು ನೋಡಿದರೆ ಕತ್ತರಿಸಿದ ಅಂಚು ಕಂದು ಬಣ್ಣಕ್ಕೆ ಸುಟ್ಟು ನುಣುಪಾಗಿರುತ್ತದೆ, ಹತ್ತಿರ ಹಿಡಿದು ಮೂಸಿದರೆ ಸುಟ್ಟ ಮರದ ವಾಸನೆ ಬರುತ್ತದೆ. ಒಂದು ಭಾಗದ ಅಂಚಿನಲ್ಲಿರುವ ನಾಲಗೆ ಇನ್ನೊಂದರ ಸೀಳಿನಲ್ಲಿ ಹೋಗಿ ಕೂರುವಂತೆ ಎಲ್ಲವೂ ಜೋಡಣೆಯಾಗುತ್ತವೆ. ಅಂಟು ಹಚ್ಚುವ ಮೊದಲು ಇಡೀ ಟಬ್ಬನ್ನು ಹಾಗೆಯೇ ಜೋಡಿಸಿ ನೋಡಬಹುದು. ಬೆರಳಿನಿಂದ ಒತ್ತಿದರೆ ಕೂರುವಷ್ಟು ಬಿಗಿ, ಸುತ್ತಿಗೆ ಬೇಡುವಷ್ಟಲ್ಲ. ಮರಗೆಲಸದ ಒಳ್ಳೆಯ ಅನುಭವ ಇರುವವರಿಗೂ ಕೈಗರಗಸದಿಂದ ಈ ನಿಖರತೆಯನ್ನು ಪ್ರತಿಯೊಂದು ಭಾಗದಲ್ಲಿ ಸಾಧಿಸುವುದು ಬಹಳ ಕಷ್ಟ. ಕಟ್ಟುವ ಕ್ರಮವನ್ನು ಚಿತ್ರಗಳ ಸಮೇತ ಹಂತಹಂತವಾಗಿ ವಿವರಿಸಿದ್ದಾರೆ, ಇಂಗ್ಲಿಷ್ ಸುಲಭವಾಗಿದೆ.

ಸ್ಪಾನ್ಸನ್‌ನ ಕೆಳಮೈ ನೀರನ್ನು ಎದುರಿಸುವ ಕೋನವೇ ಈ ಜಾತಿಯ ದೋಣಿಯ ಪ್ರಾಣ. ಸಾಮಾನ್ಯವಾಗಿ ಅದು ಮೂರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅರ್ಧ ಡಿಗ್ರಿ ವ್ಯತ್ಯಾಸವಾದರೂ ದೋಣಿಯ ಸ್ವಭಾವವೇ ಬದಲಾಗುತ್ತದೆ. ಎಡದ ಕೋನ ಒಂದು, ಬಲದ ಕೋನ ಇನ್ನೊಂದು ಆದರಂತೂ ನೇರ ದಾರಿಯಲ್ಲಿಯೂ ದೋಣಿ ಒಂದು ಕಡೆಗೆ ವಾಲುತ್ತ ಓಡುತ್ತದೆ. ಬೂಮ್‌ಗಳು ಹಾದುಹೋಗುವ ತೂತುಗಳನ್ನು ಲೇಸರ್ ಕೊರೆದಿರುವುದರಿಂದ ಈ ಕೋನ ಕಟ್ಟುವವರ ಕಣ್ಣಳತೆಯನ್ನು ನಂಬಿಕೊಂಡಿರುವುದಿಲ್ಲ. ಕಿಟ್‌ನ ಬೆಲೆಯಲ್ಲಿ ನಾವು ನಿಜವಾಗಿ ಕೊಳ್ಳುವುದು ಇದನ್ನೇ ಎಂದು ನನ್ನ ಎಣಿಕೆ. ಹಾಗೆಂದು ಎಲ್ಲವೂ ತಾನಾಗಿ ನೆಟ್ಟಗಾಗುತ್ತದೆ ಎಂದು ತಿಳಿಯಬಾರದು. ಕಟ್ಟುವ ಮೇಜು ಸಮತಟ್ಟಾಗಿರಲೇಬೇಕು. ದಪ್ಪನೆಯ ಗಾಜಿನ ಹಲಗೆಯೊಂದನ್ನು ಮೇಜಿನ ಮೇಲೆ ಹಾಸಿ, ರಸಮಟ್ಟ ಇಟ್ಟು ನೋಡಿ, ಅದರ ಮೇಲೆ ಮೇಣದ ಕಾಗದ ಹರಡಿ ಕಟ್ಟುವುದು ಉತ್ತಮ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು ಇಲ್ಲಿ ಬೇಡ. ಅರ್ಧ ಗಂಟೆಯ ಎಪಾಕ್ಸಿ ಬಳಸಿದರೆ ಭಾಗಗಳನ್ನು ಮೂಲೆಮಟ್ಟಕ್ಕೆ ತಂದು, ಭಾರ ಹೇರಿ, ಮತ್ತೊಮ್ಮೆ ಪರೀಕ್ಷಿಸಲು ಸಮಯ ಸಿಗುತ್ತದೆ, ಹಿಡಿತವೂ ಹೆಚ್ಚು.

ಸ್ಪಾನ್ಸನ್‌ನ ಹಿಂಬದಿಯ ಅಂಚಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಜನ ಮರಗೆಲಸದ ಅಭ್ಯಾಸದಂತೆ ಎಲ್ಲ ಅಂಚುಗಳನ್ನೂ ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿಬಿಡುತ್ತಾರೆ. ನೀರು ಒಡಲಿನ ಕೆಳಮೈಯಿಂದ ಬಿಟ್ಟುಹೋಗುವ ಜಾಗ ಚೂಪಾಗಿರಬೇಕು. ಅಂಚು ದುಂಡಗಿದ್ದರೆ ನೀರು ಅದನ್ನೇ ಅಂಟಿಕೊಂಡು ಮೇಲಕ್ಕೆ ಸುತ್ತಿ ಹಿಂದಕ್ಕೆ ಜಗ್ಗುತ್ತದೆ. ನಾನು ಅಲ್ಲಿ ಒಂದು ಎಳೆ ಎಪಾಕ್ಸಿಯನ್ನು ಉಬ್ಬಾಗಿ ಹರಿಸಿ, ಅದು ಗಟ್ಟಿಯಾದ ಮೇಲೆ ನೇರ ಮರದ ತುಂಡಿಗೆ ಸುತ್ತಿದ 320ರ ಉಪ್ಪುಕಾಗದದಿಂದ ಮೊದಲು ಕೆಳಮೈಯನ್ನೂ ಆಮೇಲೆ ಹಿಂಮೈಯನ್ನೂ ಸಮವಾಗಿ ತಿಕ್ಕಿದೆ. ಎರಡು ಮೈಗಳು ಸೇರುವಲ್ಲಿ ಎಪಾಕ್ಸಿಯ ತೆಳು ಗೆರೆಯೊಂದು ಗಾಜಿನಂತೆ ನಿಲ್ಲುತ್ತದೆ. ಉಗುರನ್ನು ಅಡ್ಡ ಎಳೆದರೆ ಸಣ್ಣಗೆ ಹೆರೆಯುವಷ್ಟು ಚೂಪು. ಮರದ ಅಂಚೊಂದೇ ಆದರೆ ಈ ಚೂಪು ದಡಕ್ಕೆ ಒಮ್ಮೆ ತಾಗಿದರೂ ಉಳಿಯುವುದಿಲ್ಲ.

ಬಣ್ಣದ ವಿಷಯದಲ್ಲಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಪ್ರೇ ಇನಾಮೆಲ್ ನಂಬುವಂತಿಲ್ಲ. ನೈಟ್ರೊ ಇಂಧನ ತಾಗಿದ ಜಾಗದಲ್ಲಿ ಅದು ಮೆತ್ತಗಾಗಿ ಕೈಗೆ ಬರುತ್ತದೆ. ಎರಡು ಭಾಗ ಬೆರೆಸಿ ಬಳಿಯುವ ಪಾಲಿಯುರೆಥೇನ್ ಅಥವಾ ಎಪಾಕ್ಸಿ ಬಣ್ಣವೇ ಆಗಬೇಕು. ಬಣ್ಣಕ್ಕಿಂತ ಮುಖ್ಯವಾದದ್ದು ಟಬ್ಬಿನ ಒಳಗೋಡೆ. ಎಪಾಕ್ಸಿ ರಾಳವನ್ನು ತೆಳುವಾಗಿ ಎರಡು ಸಲ ಬಳಿದು ಮರದ ಎಳೆಯೊಳಗೆ ಇಳಿಯಲು ಬಿಡದಿದ್ದರೆ, ಒಳಗೆ ಸೋರಿದ ಇಂಧನವನ್ನು ಪ್ಲೈವುಡ್ ಕುಡಿದು ಪದರ ಬಿಡುತ್ತದೆ, ಆಮೇಲೆ ಯಾವ ಅಂಟೂ ಅಲ್ಲಿ ಹಿಡಿಯುವುದಿಲ್ಲ. ಎಂಜಿನ್ ಕೂರಿಸಿದ ಮೇಲೆ ಈ ಮೂಲೆಗಳಿಗೆ ಕುಂಚ ಹೋಗುವುದಿಲ್ಲವಾದ್ದರಿಂದ ಮೇಲಿನ ಹೊದಿಕೆ ಮುಚ್ಚುವ ಮೊದಲೇ ಇದನ್ನು ಮುಗಿಸಬೇಕು. ಖಾಲಿ ಉಳಿದ ಕೋಣೆಗಳಲ್ಲಿ ತೇಲುವ ಫೋಮ್ ತುಂಬುವುದನ್ನು ಯಾರೂ ಬಿಡಬಾರದು. ಮಗುಚಿದ ದೋಣಿ ಕೆರೆಯ ತಳ ಸೇರಿದರೆ ಎಂಜಿನ್, ಪೈಪ್, ರೇಡಿಯೊ ಎಲ್ಲವೂ ಹೋದಂತೆಯೇ.

ಈ ಕಿಟ್ ಕೊಳ್ಳುವವರು ಮೊದಲೇ ತಿಳಿದಿರಬೇಕಾದ ಸಂಗತಿಯೆಂದರೆ, ಮರದ ಒಡಲು ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಎಂಜಿನ್, ಟ್ಯೂನ್ಡ್ ಪೈಪ್, ಸ್ಟ್ರಟ್, ರಡ್ಡರ್ ಎಂಬ ಚುಕ್ಕಾಣಿ, ಟರ್ನ್ ಫಿನ್, ಫ್ಲೆಕ್ಸ್ ಶಾಫ್ಟ್, ಪ್ರೊಪೆಲ್ಲರ್, ಚುಕ್ಕಾಣಿ ಮತ್ತು ಥ್ರಾಟಲ್ ಅಲ್ಲಾಡಿಸುವ ಸರ್ವೊ, ರೇಡಿಯೊ ಸಂಕೇತ ಹಿಡಿಯುವ ರಿಸೀವರ್, ಎಂಜಿನ್ ತಿರುಗಿಸುವ ಬೆಲ್ಟ್ ಸ್ಟಾರ್ಟರ್ ಇವೆಲ್ಲ ಬೇರೆಯಾಗಿ ಬರಬೇಕು, ಮತ್ತು ಇವೆಲ್ಲ ಸೇರಿದರೆ ಕಿಟ್‌ನ ಬೆಲೆಯ ಹಲವು ಪಟ್ಟು ಆಗುತ್ತದೆ. ಇದನ್ನು ನಾನು ಕಿಟ್‌ನ ದೋಷವೆಂದು ಎಣಿಸುವುದಿಲ್ಲ, ಅನುಭವಿಗಳು ತಮಗೆ ಬೇಕಾದ ಎಂಜಿನ್ ಮತ್ತು ಲೋಹದ ಭಾಗಗಳನ್ನೇ ಆರಿಸಿಕೊಳ್ಳಲು ಇಷ್ಟಪಡುತ್ತಾರೆ. ಆದರೆ ಪೆಟ್ಟಿಗೆ ಬಂದ ವಾರಾಂತ್ಯಕ್ಕೆ ಕೆರೆಗೆ ಹೋಗಬಹುದು ಎಂದುಕೊಂಡವರಿಗೆ ನಿರಾಶೆಯಾಗುತ್ತದೆ. ಬೇರೊಬ್ಬ ಮಾರಾಟಗಾರರಿಂದ ನಾನು ತರಿಸಿದ ಸ್ಟ್ರಟ್‌ನ ಬುಷ್, ಅಂದರೆ ಶಾಫ್ಟ್ ತಿರುಗುವ ಒಳಕೊಳವೆ, ಸಡಿಲವಿತ್ತು. ಶಾಫ್ಟ್ ತೂರಿಸಿ ಅಲ್ಲಾಡಿಸಿದರೆ ಟಕಟಕ ಎನ್ನುತ್ತಿತ್ತು. ಹಾಗಿರುವ ಭಾಗವನ್ನು ಎಷ್ಟೇ ಗ್ರೀಸ್ ತುಂಬಿದರೂ ಬಳಸಬಾರದು. ನಿಮಿಷಕ್ಕೆ ಇಪ್ಪತ್ತೈದು ಸಾವಿರ ಸುತ್ತಿನಲ್ಲಿ ಆ ಸಡಿಲ ಕಂಪನವಾಗಿ ಇಡೀ ಟಬ್ಬಿಗೆ ಹರಡುತ್ತದೆ, ಟ್ಯಾಂಕಿನಲ್ಲಿ ಇಂಧನ ನೊರೆಯಾಗುತ್ತದೆ, ನೊರೆ ಕುಡಿದ ಎಂಜಿನ್ ಬಿಸಿಯಾಗುತ್ತದೆ.

ಈ ದರ್ಜೆಯ ಎಂಜಿನ್‌ಗಳಲ್ಲಿ ಇಟಲಿಯ ಸಿಎಂಬಿ, ನೋವಾರೊಸ್ಸಿ, ಪಿಕ್ಕೊ ಮತ್ತು ಜಪಾನಿನ ಓ.ಎಸ್. ಹೆಸರಾದವು. ಕಾರಿನ ಎಂಜಿನ್ ತಂದು ಕೂರಿಸುವ ಯೋಚನೆ ಬೇಡ. ದೋಣಿಯ ಎಂಜಿನ್ನಿಗೆ ಗಾಳಿಯ ರೆಕ್ಕೆಗಳ ಬದಲು ನೀರು ಹರಿಯುವ ಹೊದಿಕೆಯ ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಇರುತ್ತದೆ, ಬೆಲ್ಟ್ ಸುತ್ತಲು ತೋಡು ಕೊರೆದ ಭಾರದ ಫ್ಲೈವೀಲ್ ಇರುತ್ತದೆ. ಪಿಸ್ಟನ್ ಮತ್ತು ಅದು ಓಡಾಡುವ ಸ್ಲೀವ್ ಎಂಬ ಕೊಳವೆ ತಣ್ಣಗಿರುವಾಗ ಮೇಲ್ತುದಿಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವಷ್ಟು ಬಿಗಿಯಾಗಿರುತ್ತವೆ, ಬಿಸಿಯಾದಾಗ ಸ್ಲೀವ್ ಹಿಗ್ಗಿ ಸರಿಯಾದ ಅಂತರಕ್ಕೆ ಬರುತ್ತದೆ. ಹೀಗಾಗಿ ಹೊಸ ಎಂಜಿನ್ನನ್ನು ಕೂದಲು ಒಣಗಿಸುವ ಯಂತ್ರದಿಂದಲಾದರೂ ಬಿಸಿ ಮಾಡಿಯೇ ಮೊದಲ ಸಲ ತಿರುಗಿಸಬೇಕು, ಮೊದಲ ಕೆಲವು ಟ್ಯಾಂಕ್‌ಗಳನ್ನು ಇಂಧನ ಧಾರಾಳವಾಗಿ ಬಿಟ್ಟು ಓಡಿಸಬೇಕು.

ಎಂಜಿನ್ ಮತ್ತು ಪ್ರೊಪೆಲ್ಲರ್ ನಡುವಿನ ಫ್ಲೆಕ್ಸ್ ಶಾಫ್ಟ್ ಎಂಬುದು ಉಕ್ಕಿನ ತಂತಿಗಳನ್ನು ಪದರಪದರವಾಗಿ ಹೊಸೆದ ಹಗ್ಗ. ಹೊರೆ ಬಿದ್ದಾಗ ಅದು ಬಿಗಿದುಕೊಂಡು ಕೊಂಚ ಗಿಡ್ಡವಾಗುತ್ತದೆ. ಆದ್ದರಿಂದ ಸ್ಟ್ರಟ್ ಮತ್ತು ಅದರ ಹಿಂದೆ ಪ್ರೊಪೆಲ್ಲರನ್ನು ಹಿಡಿಯುವ ಡ್ರೈವ್ ಡಾಗ್ ನಡುವೆ ಸುಮಾರು ಮೂರು ಮಿಲಿಮೀಟರ್ ತೆರವು ಬಿಡಬೇಕು. ತೆರವಿಲ್ಲದಿದ್ದರೆ ಪೂರ್ಣ ವೇಗದಲ್ಲಿ ಡಾಗ್ ಸ್ಟ್ರಟ್‌ಗೆ ಒತ್ತಿಕೊಂಡು ಉಜ್ಜುತ್ತದೆ, ಎಂಜಿನ್ನಿನ ಬೇರಿಂಗ್‌ಗೆ ಹೊರೆ ಬೀಳುತ್ತದೆ, ನೋಡುವವರಿಗೆ ಎಂಜಿನ್ ಹದ ತಪ್ಪಿದಂತೆ ಕಾಣುತ್ತದೆ. ಇಂಧನದ ಪ್ರಮಾಣ ಹೊಂದಿಸುವ ನೀಡಲ್ ಎಂಬ ತಿರುಪನ್ನು ತಿರುಗಿಸುತ್ತ ದಿನ ಕಳೆಯುವ ಮೊದಲು ಈ ತೆರವನ್ನು ನೋಡಿಕೊಳ್ಳುವುದು ಒಳ್ಳೆಯದು. ಶಾಫ್ಟ್ ಎಳೆದು ಒರೆಸಿ ಹೊಸ ಗ್ರೀಸ್ ಹಚ್ಚುವ ಕೆಲಸವನ್ನು ಪ್ರತಿ ದಿನದ ಓಟದ ಕೊನೆಗೆ ಮಾಡಲೇಬೇಕು.

ಪ್ರೊಪೆಲ್ಲರ್‌ಗಳಿಗೆ ಇಲ್ಲಿ ಆಕ್ಟುರಾ ಎಂಬ ಹೆಸರು ಮನೆಮಾತು. ಅವುಗಳ ಸಂಖ್ಯೆಯನ್ನು ಓದಲು ಕಲಿತರೆ ಆಯ್ಕೆ ಸುಲಭ. ಎಕ್ಸ್442 ಎಂದರೆ ವ್ಯಾಸ 42 ಮಿಲಿಮೀಟರ್, ಪಿಚ್ ವ್ಯಾಸದ 1.4 ಪಟ್ಟು. ಅಂದರೆ ನೀರು ಜಾರದೆ ಹಿಡಿದಿದ್ದರೆ ಒಂದು ಸುತ್ತಿಗೆ ಅದು ದೋಣಿಯನ್ನು 58.8 ಮಿಲಿಮೀಟರ್ ಮುಂದೆ ತಳ್ಳುತ್ತದೆ. ನಿಮಿಷಕ್ಕೆ 25,000 ಸುತ್ತು ತಿರುಗಿದರೆ ಗಂಟೆಗೆ 88 ಕಿಲೋಮೀಟರ್, 28,000 ತಿರುಗಿದರೆ 98 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಜಾರುವಿಕೆ ಇದ್ದೇ ಇರುವುದರಿಂದ ನಿಜವಾದ ವೇಗ ಈ ಲೆಕ್ಕಕ್ಕಿಂತ ಕಡಿಮೆಯೇ ಬರುತ್ತದೆ. ಆದರೆ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ದೊಡ್ಡ ಪ್ರೊಪೆಲ್ಲರ್ ಹಾಕಿ ಎಂಜಿನ್ನಿನ ಸುತ್ತು ಇಳಿದುಹೋದರೆ ಗಳಿಸಿದ್ದೇನೂ ಇಲ್ಲ. ನಾನು 40 ಮಿಲಿಮೀಟರ್‌ನ ಎಕ್ಸ್440ರಿಂದ ಆರಂಭಿಸಿ, ಎಂಜಿನ್ ಚೆನ್ನಾಗಿ ಪಳಗಿದ ಮೇಲೆ 42ಕ್ಕೆ ಹೋದೆ, ಈ ದೋಣಿಗೆ ಅದೇ ಒಪ್ಪಿತು.

ಈ ಪ್ರೊಪೆಲ್ಲರ್‌ಗಳು ಕಾರ್ಖಾನೆಯಿಂದ ಬಂದಂತೆಯೇ ಹಾಕುವಂಥವಲ್ಲ. ಅಲಗಿನ ಮುಂದಿನ ಅಂಚನ್ನು ಅರದಿಂದ ಮಸೆದು ತೆಳುಗೊಳಿಸಬೇಕು, ಎರಡು ಅಲಗುಗಳ ತೂಕ ಸಮವಾಗುವವರೆಗೆ ಭಾರವಿರುವ ಕಡೆಯ ಹಿಂಮೈಯನ್ನು ಉಜ್ಜಬೇಕು. ತೂಕ ನೋಡುವ ಕಂಬಿಯ ಮೇಲೆ ಇಟ್ಟಾಗ ಅದು ಯಾವ ಸ್ಥಿತಿಯಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಇವುಗಳ ಲೋಹ ಬೆರಿಲಿಯಂ ಬೆರೆಸಿದ ತಾಮ್ರ, ಅದರ ಧೂಳು ಶ್ವಾಸಕೋಶಕ್ಕೆ ಗಂಭೀರವಾದ, ವಾಸಿಯಾಗದ ಹಾನಿ ಮಾಡಬಲ್ಲದು. ಒಣಗಿದ್ದಾಗ ಉಜ್ಜಬಾರದು, ಗ್ರೈಂಡರ್ ಹಿಡಿಯಬಾರದು. ನೀರಿನಲ್ಲಿ ಅದ್ದುತ್ತ, ಒಳ್ಳೆಯ ಮುಖಗವಸು ಧರಿಸಿ, ಒದ್ದೆ ಬಟ್ಟೆಯಿಂದ ಒರೆಸುತ್ತ ಮಾಡಬೇಕು, ಆ ಜಾಗಕ್ಕೆ ಮಕ್ಕಳು ಬರದಂತೆ ನೋಡಿಕೊಳ್ಳಬೇಕು. ಇಷ್ಟು ಶ್ರದ್ಧೆ ಸಾಧ್ಯವಿಲ್ಲದವರು ಮಸೆದು ತೂಕ ಸರಿಮಾಡಿ ಕೊಡುವ ಕುಶಲಿಗಳಿಂದ ಸಿದ್ಧ ಪ್ರೊಪೆಲ್ಲರನ್ನೇ ಕೊಳ್ಳಲಿ, ಹೆಚ್ಚಿಗೆ ಕೊಟ್ಟ ಹಣ ವ್ಯರ್ಥವಲ್ಲ.

ಈಗ ದೋಣಿಯನ್ನು ನೀರಿಗೆ ಹೊಂದಿಸುವ ಭಾಗಕ್ಕೆ ಬರೋಣ. ಕಿಟ್‌ನ ನೇರ ಒಡಲು ತನ್ನ ಬೆಲೆಯನ್ನು ತೋರಿಸುವುದು ಇಲ್ಲಿಯೇ. ಅದೇ ಗಾಜಿನ ಹಲಗೆಯ ಮೇಲೆ ದೋಣಿಯನ್ನಿಟ್ಟು, ಎಡ ಬಲ ಸ್ಪಾನ್ಸನ್‌ಗಳ ಹಿಂದಿನ ಅಂಚು ಹಲಗೆಯನ್ನು ಒಂದೇ ರೀತಿ ಮುಟ್ಟುತ್ತಿದೆಯೇ ಎಂದು ತೆಳು ಕಾಗದದ ಚೂರು ತೂರಿಸಿ ನೋಡಬೇಕು. ನಂತರ ಸ್ಟ್ರಟ್‌ನ ಎತ್ತರವನ್ನು ಸೂಚನೆಯಲ್ಲಿ ಹೇಳಿದ ಅಳತೆಗೆ ತಂದು, ಅದರ ಕೋನವನ್ನು ತಳಕ್ಕೆ ಸಮಾಂತರವಾಗಿ ಇಟ್ಟು ಅಲ್ಲಿಂದ ಆರಂಭಿಸಬೇಕು. ಓಡುವಾಗ ದೋಣಿಯ ಹಿಂಭಾಗ ನಿಂತಿರುವುದು ಪ್ರೊಪೆಲ್ಲರಿನ ಮೇಲೆ, ಪ್ರೊಪೆಲ್ಲರಾದರೋ ನೀರಿನ ಮೇಲ್ಮೈಯನ್ನು ಹಿಡಿದು ಓಡುತ್ತದೆ. ಆದ್ದರಿಂದ ಸ್ಟ್ರಟ್ಟನ್ನು ಕೆಳಕ್ಕೆ ಇಳಿಸಿದರೆ ದೋಣಿಯ ಬಾಲ ಮೇಲೇಳುತ್ತದೆ, ಮೂಗು ತಗ್ಗುತ್ತದೆ, ಓಟ ಗಟ್ಟಿಯಾಗಿದ್ದರೂ ಮಂದವಾಗುತ್ತದೆ. ಮೇಲಕ್ಕೆ ಏರಿಸಿದರೆ ಬಾಲ ತಗ್ಗಿ ಮೂಗು ಹಗುರಾಗುತ್ತದೆ, ವೇಗ ಹೆಚ್ಚುತ್ತದೆ, ಅದರ ಜೊತೆಗೆ ಎದುರುಗಾಳಿ ಅಡಿಗೆ ಹೊಕ್ಕು ಹಿಂದಕ್ಕೆ ಮಗುಚುವ ಅಪಾಯವೂ ಹೆಚ್ಚುತ್ತದೆ. ಸರಿಯಾದ ಜಾಗ ಈ ಎರಡರ ನಡುವೆ ಎಲ್ಲೋ ಒಂದು ಮಿಲಿಮೀಟರ್‌ನೊಳಗೆ ಇರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಅರ್ಧ ಮಿಲಿಮೀಟರ್‌ನಷ್ಟು ಮಾಡಿ, ಗುರುತು ಬರೆದುಕೊಂಡು, ಮತ್ತೆ ಓಡಿಸಿ ನೋಡುವುದೊಂದೇ ದಾರಿ. ಸ್ಟ್ರಟ್‌ನ ಎತ್ತರ ಮತ್ತು ಕೋನ ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಏನಾಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ತೂಕದ ಕೇಂದ್ರ ಮುಂದಿನ ಸ್ಪಾನ್ಸನ್‌ಗಳ ಹಿಂದಿನ ಅಂಚಿನಿಂದ ಸ್ವಲ್ಪ ಹಿಂದಕ್ಕೆ ಬೀಳಬೇಕು. ಇದನ್ನು ಟ್ಯಾಂಕ್ ಖಾಲಿ ಇಟ್ಟು ಅಳೆಯಬೇಕು, ಏಕೆಂದರೆ ಓಟದ ಕೊನೆಯ ಸುತ್ತುಗಳಲ್ಲಿ ದೋಣಿ ಇರುವುದು ಹಾಗೆಯೇ. ಸೀಸದ ತುಂಡು ಅಂಟಿಸುವ ಬದಲು ರಿಸೀವರ್‌ನ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿಕೊಳ್ಳುವುದು ಮೇಲು. ರೇಡಿಯೊ ಪೆಟ್ಟಿಗೆಯ ಮುಚ್ಚಳಕ್ಕೆ ಸುತ್ತಲೂ ನೀರು ನಿರೋಧಕ ಟೇಪ್ ಹಚ್ಚಬೇಕು, ಸಂಕೇತ ತಪ್ಪಿದರೆ ಥ್ರಾಟಲ್ ತಾನಾಗಿ ಮುಚ್ಚಿಕೊಳ್ಳುವಂತೆ ಫೇಲ್‌ಸೇಫ್ ಹೊಂದಿಸಿ ದಡದಲ್ಲಿ ಪರೀಕ್ಷಿಸಿಯೇ ನೀರಿಗಿಳಿಸಬೇಕು. ಎರಡು ಕಿಲೋದಷ್ಟು ತೂಕದ ವಸ್ತು ಈ ವೇಗದಲ್ಲಿ ದಡದ ಕಡೆಗೆ ನುಗ್ಗಿದರೆ ಆಗುವ ಅನಾಹುತ ಸಣ್ಣದಲ್ಲ.

ನಿಜವಾದ ಹೈಡ್ರೋಪ್ಲೇನ್‌ಗಳು ಸುತ್ತುಗಳಲ್ಲಿ ಎಡಕ್ಕೆ ತಿರುಗುತ್ತವೆ. ಮಾದರಿ ದೋಣಿಗಳ ಸ್ಪರ್ಧೆ ನಡೆಯುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ, ತಿರುವುಗಳೆಲ್ಲ ಬಲಕ್ಕೆ. ಹಾಗಾಗಿ ಟರ್ನ್ ಫಿನ್ ಎಂಬ ಲೋಹದ ಅಲಗು ಬಲ ಸ್ಪಾನ್ಸನ್‌ನ ಹಿಂದೆ ನೀರಿನೊಳಗೆ ಇಳಿದಿರುತ್ತದೆ. ತಿರುವಿನಲ್ಲಿ ದೋಣಿ ಹೊರಕ್ಕೆ ಜಾರದಂತೆ ನೀರನ್ನು ಕಚ್ಚಿ ಹಿಡಿಯುವುದು ಅದರ ಕೆಲಸ. ಅಂಚು ಮೊಂಡಾಗಿದ್ದರೆ ಅಲಗಿನ ಹಿಂದೆ ಗಾಳಿಯ ಗುಳ್ಳೆಗಳು ಸೇರಿಕೊಂಡು ಹಿಡಿತ ತಪ್ಪುತ್ತದೆ, ದೋಣಿ ತಿರುವಿನ ನಡುವೆ ಥಟ್ಟನೆ ಜಾರುತ್ತದೆ. ಅಲಗು ದೋಣಿಯ ನಡುಗೆರೆಗೆ ನೇರವಾಗಿರದೆ ಕೊಂಚ ತಿರುಗಿದ್ದರೆ ನೇರ ದಾರಿಯಲ್ಲಿ ದೋಣಿ ಸದಾ ಒಂದು ಕಡೆಗೆ ಎಳೆಯುತ್ತದೆ, ರಡ್ಡರ್‌ನಿಂದ ಅದನ್ನು ಸರಿದೂಗಿಸುತ್ತ ಹೋದಷ್ಟೂ ವೇಗ ಕಳೆಯುತ್ತದೆ. ಜೆಎಇಯ ತಿರುವು ನನಗೆ ಬಹಳ ಮೆಚ್ಚುಗೆಯಾಯಿತು. ಥ್ರಾಟಲ್ ಸ್ವಲ್ಪವೂ ಇಳಿಸದೆ ಬೂಯಿ ಎಂಬ ತೇಲುಗುರುತುಗಳನ್ನು ಸುತ್ತಿ ಬರುವಾಗ ಎಡ ಸ್ಪಾನ್ಸನ್ ನೀರನ್ನು ಬಿಟ್ಟು ಏಳುವುದಿಲ್ಲ, ಬಾಲ ಕುಣಿಯುವುದಿಲ್ಲ, ಹಳಿಯ ಮೇಲೆ ಹೋದಂತೆ ಹೋಗುತ್ತದೆ. ಅಲೆಯೆದ್ದ ನೀರಿನಲ್ಲಿ ಮಾತ್ರ ಇದು ಹಗುರ ಒಡಲಿನ ಎಲ್ಲ ಔಟ್‌ರಿಗರ್‌ಗಳಂತೆಯೇ ಪುಟಿಯುತ್ತದೆ. ಗಾಳಿ ಹೆಚ್ಚಿರುವ ಮಧ್ಯಾಹ್ನಗಳಲ್ಲಿ ಸ್ಟ್ರಟ್ಟನ್ನು ಸ್ವಲ್ಪ ಇಳಿಸಿ ವೇಗವನ್ನು ಬಿಟ್ಟುಕೊಡುವುದು ಜಾಣತನ.

ಒಡಲು ಹೊಂದಿದ ಮೇಲೆ ಉಳಿಯುವುದು ಎಂಜಿನ್ನಿನ ಹದ. ಈ ಎಂಜಿನ್‌ಗಳಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗ್ಲೋ ಪ್ಲಗ್‌ನ ಪ್ಲಾಟಿನಂ ಸುರುಳಿ ಒಮ್ಮೆ ಕಾದರೆ ಮೆಥನಾಲ್ ಆವಿ ಅದನ್ನು ತಾಗಿ ಉರಿಯುತ್ತ ತಾನೇ ಕಾವು ಉಳಿಸಿಕೊಳ್ಳುತ್ತದೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು 14.7 ಭಾಗ ಗಾಳಿ ಬೇಕಾದರೆ, ಮೆಥನಾಲ್‌ಗೆ ಸುಮಾರು 6.5 ಭಾಗ ಸಾಕು, ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವ ನೈಟ್ರೊಮೀಥೇನ್‌ಗೆ ಕೇವಲ 1.7 ಭಾಗ. ಒಂದೇ ಗಾಳಿಯ ಅಳತೆಯಲ್ಲಿ ಅಷ್ಟು ಹೆಚ್ಚು ಇಂಧನವನ್ನು ಉರಿಸಬಹುದಾದ್ದರಿಂದಲೇ ಇಷ್ಟು ಚಿಕ್ಕ ಎಂಜಿನ್ನಿನಿಂದ ಇಷ್ಟು ಶಕ್ತಿ. ರೇಸ್ ದೋಣಿಗಳಲ್ಲಿ ನೈಟ್ರೊ ಪ್ರಮಾಣ ಶೇ. 30ರಿಂದ 60ರವರೆಗೂ ಇರುತ್ತದೆ. ಕಲಿಯುವವರಿಗೆ ಶೇ. 30 ಸಾಕು, ಎಂಜಿನ್ನೂ ಬಾಳುತ್ತದೆ, ಕಿಸೆಯೂ ಉಳಿಯುತ್ತದೆ. ನೈಟ್ರೊ ಪ್ರಮಾಣ ಬದಲಿಸಿದರೆ ನೀಡಲ್, ಪ್ಲಗ್, ಕೆಲವೊಮ್ಮೆ ಹೆಡ್‌ನ ಅಂತರವನ್ನೂ ಬದಲಿಸಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ನೀಡಲ್ ಹದವನ್ನು ಮೇಜಿನ ಮೇಲೆ ಮಾಡಲಾಗುವುದಿಲ್ಲ. ಟ್ಯೂನ್ಡ್ ಪೈಪಿನೊಳಗೆ ಹೋದ ಹೊಗೆಯ ಒತ್ತಡದ ಅಲೆ ಹಿಂದಿರುಗಿ ಬಂದು ಹೊರಹೋಗುತ್ತಿರುವ ತಾಜಾ ಇಂಧನವನ್ನು ಸಿಲಿಂಡರಿಗೇ ಮರಳಿ ತಳ್ಳುವುದು ನಿಶ್ಚಿತ ಸುತ್ತುಗಳ ಮೇಲೆ ಮಾತ್ರ. ಆ ಸುತ್ತು ಬರುವುದು ದೋಣಿ ನೀರಿನ ಮೇಲೆ ಎದ್ದು ಓಡುವಾಗ. ಆಗ ಎಂಜಿನ್ನಿನ ದನಿ ಗೊರಗೊರ ಎನ್ನುವುದನ್ನು ಬಿಟ್ಟು ಒಮ್ಮೆಲೇ ಚೂಪಾಗುತ್ತದೆ. ಪೈಪನ್ನು ಉದ್ದ ಮಾಡಿದರೆ ಈ ಬದಲಾವಣೆ ಬೇಗ ಬರುತ್ತದೆ, ತಿರುವಿನಿಂದ ಹೊರಡುವಾಗ ಎಳೆತ ಚೆನ್ನಾಗಿರುತ್ತದೆ; ಗಿಡ್ಡ ಮಾಡಿದರೆ ಕೊನೆಯ ವೇಗ ಹೆಚ್ಚುತ್ತದೆ, ಆದರೆ ಅಲ್ಲಿಗೆ ತಲುಪುವುದು ಕಷ್ಟ. ಪೈಪ್ ಅಳೆಯುವಾಗ ಗ್ಲೋ ಪ್ಲಗ್‌ನಿಂದ ಪೈಪಿನ ಅತಿ ಅಗಲದ ಜಾಗದವರೆಗೆ ಅಳೆದು ಬರೆದಿಟ್ಟುಕೊಂಡು, ಮೂರು ಮಿಲಿಮೀಟರ್‌ಗಿಂತ ಹೆಚ್ಚು ಒಮ್ಮೆಗೆ ಸರಿಸಬಾರದು. ನೀಡಲ್ ಮಟ್ಟಿಗೆ, ಪೈಪಿನಿಂದ ದಪ್ಪನೆಯ ಬಿಳಿ ಹೊಗೆಯ ಗೆರೆ ಕಾಣುವ ಸ್ಥಿತಿಯಿಂದ ಆರಂಭಿಸಿ ಗಡಿಯಾರದ ಮುಳ್ಳಿನಷ್ಟೇ ನಿಧಾನವಾಗಿ ಒಳಕ್ಕೆ ತಿರುಗಿಸುತ್ತ ಹೋಗಬೇಕು, ಹೊಗೆ ಪೂರ್ತಿ ನಿಲ್ಲುವ ಮೊದಲೇ ನಿಲ್ಲಿಸಬೇಕು. ಹೊಗೆಯೊಡನೆ ಹೋಗುವುದು ಇಂಧನದಲ್ಲಿ ಬೆರೆಸಿದ ಎಣ್ಣೆ, ಅದು ಕಾಣದಾದರೆ ಪಿಸ್ಟನ್‌ಗೆ ಎಣ್ಣೆ ಸಾಲುತ್ತಿಲ್ಲವೆಂದೇ ಅರ್ಥ. ಪ್ರತಿ ಓಟದ ನಂತರ ಪ್ಲಗ್ ಬಿಚ್ಚಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಸುರುಳಿ ಹೊಳಪಾಗಿ ಒದ್ದೆಯಾಗಿದ್ದರೆ ಇನ್ನೂ ತಿರುಗಿಸಲು ಅವಕಾಶವಿದೆ. ಬೂದು ಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ, ಅಥವಾ ಸುರುಳಿ ಸೊಟ್ಟಗಾಗಿದ್ದರೆ ಒಂದಿಷ್ಟು ಹಿಂದಕ್ಕೆ ಬರಬೇಕು.

ಈ ಭಾಗದಲ್ಲಿ ಕಿಟ್‌ನ ಸೂಚನೆಗಳಿಂದ ಹೆಚ್ಚು ನಿರೀಕ್ಷಿಸಬಾರದು. ಅವು ಮರ ಮತ್ತು ಅಂಟಿನ ವಿಷಯದಲ್ಲಿ ಕೈಹಿಡಿದು ನಡೆಸುತ್ತವೆ, ಎಂಜಿನ್ ಪಳಗಿಸುವುದನ್ನು ಕಲಿಯಬೇಕಾದದ್ದು ಹತ್ತಿರದ ಕ್ಲಬ್ಬಿನ ಹಿರಿಯರಿಂದಲೇ. ಔಟ್‌ರಿಗರ್‌ಗಳನ್ನು ಕೈಯಲ್ಲಿ ಹಿಡಿದು, ಎಂಜಿನ್ ಕೂಗುತ್ತಿರುವಾಗಲೇ ನೀರಿನ ಮೇಲೆ ಸಮವಾಗಿ ಎಸೆದು ಬಿಡಬೇಕಾಗುತ್ತದೆ. ಇದಕ್ಕೆ ಅನುಭವದ ಜೊತೆಗಾರರು ಬೇಕೇ ಬೇಕು, ಒಬ್ಬರೇ ಪ್ರಯತ್ನಿಸುವುದು ಬೆರಳಿಗೂ ದೋಣಿಗೂ ಅಪಾಯ. ಸಿಯಾಟಲ್ ಭಾಗದ ಹಿರಿಯ ಹವ್ಯಾಸಿಗಳು ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಂಜಿನ್ನಿನ ದನಿಯನ್ನು ಹೇಗೆ ಕೇಳಬೇಕೆಂದು ಕಲಿಸುವ ರೀತಿ ನನಗೆ ಬಹಳ ಗೌರವ ತರಿಸಿದೆ.

ಕರ್ನಾಟಕದಲ್ಲಿರುವ ಓದುಗರು ಇದನ್ನು ತರಿಸಿಕೊಳ್ಳಬಹುದೇ ಎಂದು ಕೇಳಬಹುದು. ಮರದ ಭಾಗಗಳು ಚಪ್ಪಟೆಯಾದ ಹಗುರ ಕಟ್ಟಾಗಿ ಬರುವುದರಿಂದ ಸಾಗಣೆ ಅಷ್ಟು ಕಷ್ಟವಲ್ಲ. ತೊಡಕು ಇಂಧನದ್ದು. ನೈಟ್ರೊ ಇಂಧನ ಬೇಗ ಹೊತ್ತಿಕೊಳ್ಳುವ ದ್ರವ, ಸಾಮಾನ್ಯ ಅಂಚೆಯಲ್ಲಿ ವಿಮಾನದ ಮೂಲಕ ಅದನ್ನು ಕಳಿಸುವಂತಿಲ್ಲ. ಊರಿನಲ್ಲೇ ನಂಬಿಕಸ್ತ ಪೂರೈಕೆ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಎಂಜಿನ್‌ಗೆ ಹಣ ಹಾಕಬೇಡಿ. ಶಬ್ದವೂ ಯೋಚಿಸಬೇಕಾದ ಸಂಗತಿಯೇ, ಹಕ್ಕಿಗಳು ನೆಲೆಸಿರುವ ಕೆರೆಗಳಲ್ಲಿ ಇದನ್ನು ಓಡಿಸುವುದು ಸರಿಯಲ್ಲ.

ಕೊನೆಯದಾಗಿ ಓಟ ಮುಗಿದ ಮೇಲಿನ ಆರೈಕೆ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೈಟ್ರೊ ಉರಿದ ಶೇಷ ಆಮ್ಲೀಯವಾಗಿರುತ್ತದೆ. ಎರಡೂ ಸೇರಿ ರಾತ್ರಿ ಕಳೆಯುವುದರೊಳಗೆ ಬೇರಿಂಗ್‌ಗಳಿಗೆ ತುಕ್ಕು ಹಿಡಿಸಬಲ್ಲವು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಉಳಿದ ಇಂಧನ ಮುಗಿಯುವವರೆಗೆ ಎಂಜಿನ್ ಓಡಿಸಿ, ಕಾರ್ಬ್ಯುರೇಟರ್ ಬಾಯಿಗೂ ಪ್ಲಗ್‌ನ ತೂತಿಗೂ ತುಕ್ಕು ತಡೆಯುವ ಆಫ್ಟರ್‌ರನ್ ಎಣ್ಣೆ ಬಿಟ್ಟು, ಸ್ಟಾರ್ಟರ್‌ನಿಂದ ಕೆಲವು ಸುತ್ತು ತಿರುಗಿಸಬೇಕು. ನಂತರ ಪಿಸ್ಟನ್ ಮೇಲ್ತುದಿಯ ಬಿಗಿಯಲ್ಲಿ ನಿಂತಿರದಂತೆ ಫ್ಲೈವೀಲನ್ನು ಕೈಯಿಂದ ತಿರುಗಿಸಿ ಕೆಳಕ್ಕೆ ತಂದು ಇಡಬೇಕು. ಟಬ್ಬಿನ ಮುಚ್ಚಳವನ್ನು ತೆಗೆದೇ ಇಟ್ಟು ಒಳಗಿನ ಮರ ಚೆನ್ನಾಗಿ ಒಣಗಲು ಬಿಡಿ, ಬೂಮ್‌ಗಳ ತಿರುಪುಗಳನ್ನು ಮರುದಿನ ಒಮ್ಮೆ ಬಿಗಿ ನೋಡಿ.